ಸಿಂದಗಿಯವರ ಹಲಗೆ

ನಲವತ್ತು ದಾಟಿದ ಗಂಡಸೊಬ್ಬ ಧೋತರ ಎತ್ತಿ ಕಟ್ಟಿ, ಖಾಲಿ ಕಬಡ್ಡಿ ಮೈದಾನದಲ್ಲಿ ‘ಹುತುತುತು’ ಎಂದು ಉಸಿರು ಹಿಡಿದು ಓಡುವುದನ್ನು ಕಂಡರೆ, ಇವನಿಗೆ ತಲೆ ಕೆಟ್ಟಿದೆ ಎಂದೇ ಯಾರಿಗಾದರೂ ಅನಿಸಬೇಕು. ನನಗೂ ಹಾಗೇ ಅನಿಸಿತ್ತು. ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಆದರೂ ಲಾಲಸಾಬರು ಬಗ್ಗಿ, ಇಲ್ಲದವರ ಕಾಲು ಮುಟ್ಟಿ, ಹಿಂದಕ್ಕೆ ಹಾರಿ ನಡುಗೆರೆ ದಾಟುತ್ತಿದ್ದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಅಂಗಿ ತೊಟ್ಟು, ತಮ್ಮ ಗಾದಿ ಅಂಗಡಿಗೆ ಹೋಗಿ ಅರಳೆ ಹಿಂಜುತ್ತ ಕೂತುಬಿಡುವರು.

ಏಕೀಕರಣವಾದ ಮೂರ್ನಾಲ್ಕು ವರ್ಷಕ್ಕೆ ನಾನು ಇಂಡಿಗೆ ಶಾಲಾ ಮಾಸ್ತರನಾಗಿ ಬಂದವನು. ಊರಲ್ಲಿ ನನ್ನವರೆಂಬುವರು ಯಾರೂ ಇರಲಿಲ್ಲ. ಸಂಜೆಯಾದರೆ ಹೊತ್ತು ಹೋಗದೆ ಆ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಲಾಲಸಾಬರಿಗೂ ಮಾತಿಗೊಬ್ಬರು ಬೇಕಿತ್ತು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಹುತುತು ಟೀಮು. ಅದೂ ಈಗ ಇರಲಿಲ್ಲ. ಆಜಾದ್ ಟೀಮೆಂದರೆ ಒಂದು ಕಾಲಕ್ಕೆ ಮುದ್ದೇಬಿಹಾಳದವರೆಗೂ ಹೆಸರಂತೆ. ಇಬ್ಬರು ಸೊಲ್ಲಾಪುರದ ಮಿಲ್ಲಿಗೆ ಹೋದರು, ಒಬ್ಬ ಮಿಲಿಟರಿ ಸೇರಿದ, ಉಳಿದವರಿಗೆ ಲಗ್ನವಾಗಿ ಸಂಸಾರ ಕೊರಳಿಗೆ ಬಿತ್ತು.

“ಲಗ್ನ ಆದ ಮ್ಯಾಲ ಆ ಮಕ್ಕಳಿಗೆ ಸಂಜಿ ಅನ್ನೂದ ಇಲ್ಲ ನೋಡ್ರಿ,” ಎಂದು ಲಾಲಸಾಬರು ಬೈಯುತ್ತಿದ್ದರು.

ಆಗೊಂದು ರಿವಾಜಿತ್ತು. ಸೋತ ತಂಡ ತಾನು ಬಾರಿಸುತ್ತ ತಂದ ಹಲಗೆಯನ್ನು ಗೆದ್ದವರಲ್ಲಿ ಬಿಟ್ಟುಹೋಗಬೇಕು. ಮತ್ತೆ ಬಂದು ಆಡಿ ಗೆದ್ದರಷ್ಟೇ ಅದು ವಾಪಸು. ನಾನು ಇಂಡಿ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲು ಸಿಂದಗಿಯವರು ಹಾಗೆ ಬಿಟ್ಟುಹೋದ ಹಲಗೆ ಅಂಗಡಿಯ ಗೋಡೆಯ ಮೇಲಿತ್ತು. ಲಾಲಸಾಬರು ಅದನ್ನು ಒರೆಸುವರು, ಚರ್ಮ ಬಿಗಿಯಾಗಿರಲೆಂದು ಬಿಸಿಲಿಗಿಡುವರು. ಬಾರಿಸಿದ್ದನ್ನು ಮಾತ್ರ ಕಾಣೆ. ನಾನೊಮ್ಮೆ ಸುಮ್ಮನೆ ಬೆರಳು ತಾಗಿಸಿದ್ದಕ್ಕೆ ಸಿಡುಕಿದರು.

“ಕೈ ತಗೀರಿ ಮಾಸ್ತರ! ಅದು ಮಂದಿ ಹಲಗಿ. ನಮ್ಮಲ್ಲಿ ಅನಾಮತ್ ಇಟ್ಟಾರ ಅಷ್ಟ.”

“ಅವ್ರು ಬರಲಿಲ್ಲಂದ್ರ?”

“ಬರ್ತಾರ್ರಿ. ಹಲಗಿ ಬಿಟ್ಟು ಯಾವ ಗಂಡಸು ಸುಮ್ಮ ಕುಂದರ್ತಾನ? ಅವ್ರು ಬಂದ ದಿನ ನನ್ನ ದಮ್ಮು ಕಡಿಮಿ ಬೀಳಬಾರದು, ಅದಕ್ಕ ದಿನಾ ಆಡ್ತೇನಿ.”

ಯಾರೂ ಬರಲಿಲ್ಲ. ಅಷ್ಟರಲ್ಲಿ ನನಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ರವಿವಾರ. ಲಾಲಸಾಬರು ಹಲಗೆಯನ್ನು ಹೊಸ ಗಾದಿ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದರು.

“ನಡೀರಿ, ಸಿಂದಗಿಗೆ ಹೋಗೂಣು. ಅವರಿಗೂ ಏನು ಅಡಚಣಿ ಐತೋ ಏನೋ. ಸುಮ್ಮ ಕೊಡಾಕ ಬರೂದಿಲ್ಲ. ಒಂದು ದಮ್ಮು ಆಡಿ, ಸೋತು, ಕೊಟ್ಟು ಬರ್ತೇನಿ.”

ಸೋಲಲಿಕ್ಕೆಂದು ಅಷ್ಟು ಹುರುಪಿನಿಂದ ಹೊರಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಬಸ್ಸಿನಲ್ಲಿ ಹಲಗೆಯನ್ನು ಕೆಳಗಿಡಲೂ ಒಪ್ಪಲಿಲ್ಲ.

ಸಿಂದಗಿ ತಂಡದ ನಾಯಕನಾಗಿದ್ದ ಮಲ್ಲಪ್ಪನಿಗೆ ಈಗ ಕಾಳಿನ ದಲಾಲಿಯ ಅಡತಿ ಅಂಗಡಿ, ಒಳ್ಳೇ ಹೊಟ್ಟೆ. ಚಹಾ ತರಿಸಿದ. ಹಳೆಯ ಪಂದ್ಯದ ಮಾತು ತೆಗೆದರೆ ಹುಬ್ಬು ಗಂಟಿಕ್ಕಿದ.

“ಯಾವ ಆಟರೀ? ಹುಡುಗರಿದ್ದಾಗ ಊರೂರು ತಿರಗೀವಿ. ಎಲ್ಲಿ ಸೋತೀವೋ ಎಲ್ಲಿ ಗೆದ್ದೀವೋ, ಯಾರಿಗೆ ನೆನಪೈತಿ?”

ಲಾಲಸಾಬರು ಬಟ್ಟೆ ಬಿಚ್ಚಿ ಹಲಗೆ ತೋರಿಸಿದರು. ಮಲ್ಲಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದ.

“ನಮ್ದ ಇರಬೇಕು ಬಿಡ್ರಿ. ಅಲ್ಲೇ ಚೀಲದ ಮ್ಯಾಲ ಇಡ್ರಿ.”

ಕೆಟ್ಟ ಮನುಷ್ಯನೇನಲ್ಲ; ಉಂಡು ಹೋಗಿರೆಂದು ಬಹಳ ಒತ್ತಾಯ ಮಾಡಿದ. ಆಡೋಣವೆಂಬ ಮಾತನ್ನೇ ಲಾಲಸಾಬರು ಎತ್ತಲಿಲ್ಲ. ಹೇಳಿದಲ್ಲಿ ಹಲಗೆಯಿಟ್ಟು ಹೊರಗೆ ಬಂದರು.

ಅವರೊಂದಿಗೆ ನಾನು ಕಳೆದ ಕಡೆಯ ಹೊತ್ತೆಂದರೆ ಆ ವಾಪಸು ಬಸ್ಸಿನದು. ಮರುದಿನ ಬಾಗೇವಾಡಿಗೆ ಹೋದವನು ಮತ್ತೆ ಅವರನ್ನು ನೋಡಲಿಲ್ಲ. ಬಸ್ಸು ಅರ್ಧ ದಾರಿಗೆ ಬಂದಿತ್ತು. ಲಾಲಸಾಬರು ನನ್ನ ಕಡೆ ತಿರುಗಿದರು.

“ಮಾಸ್ತರ, ಅವತ್ತು ನಾವು ಗೆದ್ದಿದ್ದು ಖರೇನ ಹೌದಲ್ರಿ?”

ಆ ಪಂದ್ಯದ ಕಾಲಕ್ಕೆ ನಾನು ಇಂಡಿಯಲ್ಲೇ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

“ಖರೇರಿ,” ಎಂದೆ. “ನಾನ ಕಣ್ಣಾರೆ ನೋಡೇನಿ.”

ಅವರು ನನ್ನ ಮುಖವನ್ನೇ ನೋಡಿದರು. “ಕಡೀಕ ಯಾರು ಉಳಿದಿದ್ರು?”

“ನೀವೊಬ್ರರೀ. ಮೂರು ಮಂದಿನ್ನ ಮುಟ್ಟಿ ಬಂದ್ರಿ.”

“ನಾಕು ಮಂದಿ,” ಎಂದು ತಿದ್ದಿದರು. ಹತ್ತಿರ ಸರಿದು ಕೂತು, “ಮುಂದ ಹೇಳ್ರಿ,” ಎಂದರು.

ಇಂಡಿ ಬರುವವರೆಗೂ, ನಾನು ನೋಡದ ಆ ಆಟವನ್ನು ಅವರಿಗೆ ಹೇಳುತ್ತ ಬಂದೆ.