ಕೀ ಗುರುತಿಸದ ಕಾರು ಮತ್ತು ನನ್ನಕ್ಕ

ನಮ್ಮ ಬೀದಿಯಲ್ಲಿ ನನ್ನಕ್ಕನನ್ನು ಎಲ್ಲರೂ ಕರೆಂಟಕ್ಕ ಅನ್ನುತ್ತಾರೆ. ಅವಳದು ಕಾರುಗಳ ವೈರಿಂಗ್ ಕೆಲಸ. ಅಂಗಡಿ ಶುರುಮಾಡಿದವರು ಅಪ್ಪ. ಅವರ ನಂತರ ಅದು ನನಗೇ ಬರುತ್ತದೆ ಎಂದು ನೆಂಟರಿಷ್ಟರೆಲ್ಲ ಲೆಕ್ಕ ಹಾಕಿದ್ದರು. ನಾನೂ ಅದನ್ನೇ ನಂಬಿಕೊಂಡು ಹದಿನೇಳನೇ ವಯಸ್ಸಿನಲ್ಲಿ ಒಂದು ವ್ಯಾನಿನ ಹಾರ್ನ್ ರಿಪೇರಿಗೆ ಕೈಹಾಕಿದೆ. ಯಾವ ವೈರನ್ನು ಯಾವುದಕ್ಕೆ ಕೊಟ್ಟೆನೋ, ಹಾರ್ನ್ ಒಂದೇ ಸಮನೆ ಅರಚಿಕೊಳ್ಳತೊಡಗಿತು. ಎದುರು ಮನೆಯವರು ಅರ್ಧ ಗಡ್ಡ ಹೆರೆದುಕೊಂಡೇ ಹೊರಗೆ ಬಂದರು. ನಾನು ಎರಡೂ ಕಿವಿ ಮುಚ್ಚಿಕೊಂಡು ನಿಂತುಬಿಟ್ಟೆ. ಅಕ್ಕ ಒಳಗಿನಿಂದ ಬಂದವಳು ಬ್ಯಾಟರಿಯ ಕ್ಲಿಪ್ ಕಿತ್ತಳು, ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿದಳು, ಐದು ನಿಮಿಷದಲ್ಲಿ ಹಾರ್ನನ್ನು ಸರಿಮಾಡಿಟ್ಟಳು. ಅಪ್ಪ ಎದ್ದು ಬಂದರು. ನನ್ನ ಕೈಯಲ್ಲಿದ್ದ ಟೆಸ್ಟರ್ ತೆಗೆದು ಅವಳ ಕೈಗೆ ಕೊಟ್ಟರು, ಅಷ್ಟೆ. ಮುಂದೆ ನಾನು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಯಾವುದೂ ಅರಚುವುದಿಲ್ಲ.

ಇದು ನಡೆದು ಇಪ್ಪತ್ತಾರು ವರ್ಷವಾಯಿತು. ಅಂಗಡಿ ಅದೇ ಇದೆ: ಎರಡು ಕಾರು ನಿಲ್ಲುವಷ್ಟು ಜಾಗ, ಗೋಡೆಗೆ ನೇತುಹಾಕಿದ ಬಣ್ಣಬಣ್ಣದ ವೈರಿನ ಸುರುಳಿಗಳು, ಬಾಗಿಲ ಬಳಿ ಅಪ್ಪನ ಬೆತ್ತದ ಕುರ್ಚಿ. ಕಾರುಗಳು ಮಾತ್ರ ಬದಲಾದವು. ತಿರುಗಿಸುವ ಕೀ ಹೋಗಿ, ಜೇಬಿನಲ್ಲಿದ್ದರೆ ಸಾಕು ಅನ್ನುವ ಕೀ ಬಂತು. “ನಾಳೆ ಡ್ರೈವರ್ ಮನೇಲಿ ಮಲಗಿದ್ರೂ ಇದು ಊರು ಸುತ್ತಿಕೊಂಡು ಬರುತ್ತೆ ಬಿಡು,” ಎಂದು ಅಪ್ಪ ಅಂಥ ಕಾರುಗಳ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ಅಕ್ಕ ಬೆನ್ನು ಮಾಡಲಿಲ್ಲ. ನಲವತ್ತು ದಾಟಿದ ಮೇಲೆ, ಬಸ್ಸಿನಲ್ಲಿ ಒಂದು ಗಂಟೆ ದೂರದ ಸಂಜೆ ತರಗತಿಗೆ ಆರು ತಿಂಗಳು ಹೋದಳು. ತರಗತಿಯಲ್ಲಿ ಹೆಂಗಸು ಅಂತ ಅವಳೊಬ್ಬಳೇ. ಮೊದಲ ದಿನ ಮೇಷ್ಟ್ರು ಅವಳನ್ನು ಯಾರದೋ ತಾಯಿ ಎಂದುಕೊಂಡು, ಹೊರಗೆ ಕಾಯಲು ಹೇಳಿದ್ದರಂತೆ. ಕೊನೆಯ ದಿನ ಅವರೇ ತಮ್ಮ ಕಾರನ್ನು ರಿಪೇರಿಗೆಂದು ಅವಳಿಗೆ ತೋರಿಸಿದರು.

ನಾನು ಹೇಳಹೊರಟಿರುವುದು ಹೋದ ವರ್ಷದ ಒಂದು ಶನಿವಾರದ ಮಾತು. ನನಗೆ ರಜೆ, ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಬಿಳಿ ಕಾರೊಂದು ಬಂದು ನಿಂತಿತು. ಇಳಿದವರು ಪಶುವೈದ್ಯೆ. ನಾಯಿ, ಬೆಕ್ಕು, ಕುದುರೆ ಇರುವ ಕಡೆಗೆಲ್ಲ ತಾವೇ ಹೋಗಿ ಚಿಕಿತ್ಸೆ ಕೊಡುವವರು. ಐವತ್ತರ ಆಸುಪಾಸು, ಹೆಗಲಿಗೆ ದೊಡ್ಡ ಚೀಲ, ಮುಖದಲ್ಲಿ ಸೋತ ಕಳೆ.

“ನನ್ನ ಕಾರು ನನ್ನ ಕೀಯನ್ನೇ ಗುರುತು ಹಿಡಿಯಲ್ಲಮ್ಮ,” ಅಂದರು. “ಚೀಲದಲ್ಲೇ ಇರುತ್ತೆ. ‘ಕೀ ಇಲ್ಲ’ ಅಂತ ತೋರಿಸುತ್ತೆ. ಆಮೇಲೆ ಹುಡುಕಿ ಹೊರಗೆ ತೆಗೆದು ಚೀಲದ ಮೇಲಿಟ್ಟರೆ ಕೆಲವು ಸಲ ಸ್ಟಾರ್ಟ್ ಆಗುತ್ತೆ, ಕೆಲವು ಸಲ ಇಲ್ಲ. ಮೊನ್ನೆ ಒಂದು ಕುದುರೆ ಮರಿ ಹಾಕ್ತಿತ್ತು. ಮರಿಯ ಕಾಲು ಅಡ್ಡ ಸಿಕ್ಕಿಕೊಂಡಿದೆ, ಬೇಗ ಬನ್ನಿ ಅಂತ ಫೋನು. ನಾನು ಮನೆ ಮುಂದೆ ಇಪ್ಪತ್ತು ನಿಮಿಷ ಸ್ಟಾರ್ಟ್ ಗುಂಡಿ ಒತ್ತುತ್ತಾ ಕೂತಿದ್ದೆ. ಕೊನೆಗೆ ಹಾಲಿನ ವ್ಯಾನು ಹತ್ತಿಕೊಂಡು ಹೋದೆ.”

“ಮರಿ?” ಅಂದಳು ಅಕ್ಕ.

“ಉಳೀತು. ನನ್ನ ಜೀವ ಬಾಯಿಗೆ ಬಂದಿತ್ತು.”

ಕಂಪನಿಯ ಸರ್ವಿಸ್ ಸೆಂಟರಿಗೆ ನಾಲ್ಕು ಸಲ ಹೋಗಿಬಂದಿದ್ದರು. ಮೊದಲ ಸಲ ಕೀಯೊಳಗಿನ ಬ್ಯಾಟರಿ ಬದಲಿಸಿದರು, ಎರಡನೇ ಸಲ ಕೀಯನ್ನೇ ಬದಲಿಸಿದರು. ಮೂರನೇ ಸಲ ಅಲ್ಲಿಯ ಮ್ಯಾನೇಜರು ನಯವಾಗಿ, “ಮೇಡಂ, ನೀವು ಕೀ ಎಲ್ಲೋ ಮರೆತು ಬರ್ತಿರಬೇಕು,” ಅಂದರಂತೆ. ನಾಲ್ಕನೇ ಸಲ ಕಾರಿನ ಕಂಟ್ರೋಲ್ ಬಾಕ್ಸನ್ನೇ ಬದಲಿಸಬೇಕು, ಎರಡು ವಾರ ಕಾರು ಇಲ್ಲೇ ಇರಲಿ ಅಂದರು. ಡಾಕ್ಟರು ಕಾರು ತೆಗೆದುಕೊಂಡು ನೇರ ಇಲ್ಲಿಗೆ ಬಂದಿದ್ದರು.

ಅಕ್ಕ ಮೊದಲು ಬಾನೆಟ್ ಎತ್ತುವವಳಲ್ಲ, ಪ್ರಶ್ನೆ ಕೇಳುವವಳು. ಯಾವಾಗಿನಿಂದ? ಎರಡು ತಿಂಗಳಿಂದ. ಬೆಳಿಗ್ಗೆಯಾ, ಮಧ್ಯಾಹ್ನವಾ? ಹೊತ್ತು ಗೊತ್ತು ಇಲ್ಲ. ಒಂದೇ ಜಾಗದಲ್ಲಾ? ಎಲ್ಲ ಕಡೆ. ಫೋನಿನ ಜೊತೆ ಕೀ ಇಡ್ತೀರಾ? ಇಲ್ಲ, ಫೋನು ಜೇಬಿನಲ್ಲಿ. ಕಾರಿಗೆ ಎರಡು ತಿಂಗಳ ಹಿಂದೆ ಹೊಸದಾಗಿ ಏನಾದ್ರೂ ಹಾಕಿಸಿದ್ರಾ, ಕ್ಯಾಮೆರಾ, ಚಾರ್ಜರ್, ಲೈಟು? ಏನೂ ಇಲ್ಲ.

ಆಮೇಲೆ ಕೀ ಇಸಿದುಕೊಂಡು ಕೂತಳು. ಕಾರಿನ ಬ್ಯಾಟರಿ ನೋಡಿದಳು, ಬಾಗಿಲ ಹಿಡಿಯೊಳಗಿನ ವೈರು ನೋಡಿದಳು. ನಲವತ್ತು ಸಲ ಗುಂಡಿ ಒತ್ತಿದಳು. ನಲವತ್ತು ಸಲವೂ ಕಾರು ಒಳ್ಳೆ ವಿದ್ಯಾರ್ಥಿಯ ಹಾಗೆ ಎದ್ದು ನಿಂತಿತು.

“ಕಾರು ಸರಿಯಾಗೇ ಇದೆ, ಕಳಿಸಮ್ಮ,” ಅಂದರು ಅಪ್ಪ, ತಿರುಗಿ ನೋಡದೆ.

“ಹಾಗಂದ್ರೆ ಡಾಕ್ಟ್ರು ಸುಳ್ಳು ಹೇಳ್ತಿದ್ದಾರೆ ಅಂತ ಆಗುತ್ತಪ್ಪ. ಅವರು ಸುಳ್ಳು ಹೇಳ್ತಿಲ್ಲ.” ಅವಳು ಕೈ ಒರೆಸಿಕೊಂಡಳು. “ಡಾಕ್ಟ್ರೇ, ಇವತ್ತು ಎಲ್ಲೆಲ್ಲಿ ಹೋಗಬೇಕು ನೀವು?”

“ಮೂರು ಕಡೆ ಇದೆ.”

“ನಾನೂ ಬರ್ತೀನಿ. ನೀವು ದಿನಾ ಹೇಗೆ ಓಡಾಡ್ತೀರೋ ಹಾಗೇ ಓಡಾಡಿ. ನನಗೋಸ್ಕರ ಏನೂ ಬದಲಾಯಿಸಬೇಡಿ.” ನಂತರ ನನ್ನ ಕಡೆ ತಿರುಗಿ, “ಲೋ, ಪೇಪರ್ ಮಡಚಿಡು. ಟೂಲ್ ಬಾಕ್ಸ್ ಹಿಡ್ಕೋ,” ಅಂದಳು.

ಹೀಗೆ ನಾನು ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಟೂಲ್ ಬಾಕ್ಸ್ ಇಟ್ಟುಕೊಂಡು ಹೊರಟೆ.

ಮೊದಲನೆಯದು ಮೂರನೇ ಮಹಡಿಯ ಮನೆ. ಅಲ್ಲಿ ಒಬ್ಬ ಅಜ್ಜಿ, ಅವರ ಬೆಕ್ಕಿಗೆ ಕಿವಿ ನೋವು. ಬೆಕ್ಕು ನನ್ನ ಮಣಿಕಟ್ಟಿಗೆ ಪರಚಿತು. ಡಾಕ್ಟರಿಗಾಗಲೀ ಅಕ್ಕನಿಗಾಗಲೀ ಏನೂ ಮಾಡಲಿಲ್ಲ. ಕೆಳಗೆ ಬಂದು ಗುಂಡಿ ಒತ್ತಿದರೆ ಕಾರು ಹೊರಟಿತು. ಡಾಕ್ಟರ ಮುಖ ಇಳಿದುಹೋಯಿತು. ಕಾರು ಹೊರಟಿತಲ್ಲ ಎಂದು ಬೇಜಾರಾದವರನ್ನು ನಾನು ನೋಡಿದ್ದು ಅದೇ ಮೊದಲು.

ಎರಡನೆಯದು ಊರಾಚೆಯ ಕುದುರೆ ಸವಾರಿ ಶಾಲೆ. ಹೊಸದಾಗಿ ಬಂದ ಕಂದು ಕುದುರೆಯೊಂದರ ಗುರುತು ಪತ್ರಕ್ಕೆ ಡಾಕ್ಟರು ಸಹಿ ಹಾಕಬೇಕಿತ್ತು. ಚೀಲದಿಂದ ಟಿವಿ ರಿಮೋಟಿನಂಥ ಒಂದು ಯಂತ್ರ ತೆಗೆದು ಕುದುರೆಯ ಕುತ್ತಿಗೆಗೆ ಹಿಡಿದರು. ಅದು ಬೀಪ್ ಅಂದು ಒಂದು ಸಂಖ್ಯೆ ತೋರಿಸಿತು. ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ, ಅದನ್ನು ಓದುವ ಯಂತ್ರ ಇದು ಎಂದು ನನಗೆ ವಿವರಿಸಿದರು. ಬರೆದುಕೊಂಡರು, ಸಹಿ ಹಾಕಿದರು, ಎಲ್ಲವನ್ನೂ ಚೀಲಕ್ಕೆ ತುರುಕಿದರು. ಕಾರಿನಲ್ಲಿ ಕೂತು ಗುಂಡಿ ಒತ್ತಿದರು.

‘ಕೀ ಇಲ್ಲ.’

“ನೋಡಿದ್ರಾ,” ಅಂದರು ಡಾಕ್ಟರು. ಅವರ ದನಿಯಲ್ಲಿ ಎರಡು ತಿಂಗಳ ಭಾರ ಇಳಿದಿತ್ತು. “ನಾನು ಮರೆತು ಬರಲ್ಲ ಅಂತ ಹೇಳ್ಲಿಲ್ವಾ?”

“ನೋಡಿದೆ. ಈಗ ಯಾರೂ ಏನೂ ಮುಟ್ಟಬೇಡಿ,” ಅಂದಳು ಅಕ್ಕ.

ಅವಳು ಚೀಲದ ಜಿಪ್ ಮೆಲ್ಲಗೆ ಸರಿಸಿದಳು. ಕೀ ಒಂದು ಬದಿಗಿತ್ತು. ಅದನ್ನು ಅಲ್ಲಾಡಿಸಲಿಲ್ಲ. ಮೇಲಿನ ಒಂದು ವಸ್ತು ತೆಗೆದು ನನ್ನ ಕೈಗೆ ಕೊಟ್ಟು, ದೂರ ಹುಲ್ಲಿನ ಮೇಲಿಟ್ಟು ಬಾ ಅಂದಳು. ಆಮೇಲೆ ಡಾಕ್ಟರಿಗೆ, “ಒತ್ತಿ.” ಕೀ ಇಲ್ಲ. ಬ್ಯಾಂಡೇಜ್ ಸುರುಳಿ ಹೋಯಿತು, ಒತ್ತಿ, ಕೀ ಇಲ್ಲ. ಸ್ಟೆತಸ್ಕೋಪ್, ಟಾರ್ಚು, ಗೊರಸು ಕೆತ್ತುವ ಚಾಕು. ನಾನು ಹುಲ್ಲಿಗೂ ಕಾರಿಗೂ ಓಡಾಡಿ ಬೆವತೆ. ಕುದುರೆಗಳು ಬೇಲಿಯ ಮೇಲೆ ಕತ್ತು ಚಾಚಿ ನಮ್ಮನ್ನೇ ನೋಡುತ್ತಿದ್ದವು. ಸೂಜಿಗಳ ಸ್ಟೀಲ್ ಡಬ್ಬಿ ಎತ್ತುವ ಮೊದಲು ಅಕ್ಕ ನಿಂತಳು. ಕತ್ತು ಬಗ್ಗಿಸಿ ಬಹಳ ಹೊತ್ತು ನೋಡಿದಳು. ನಂತರ ಡಬ್ಬಿಯ ಕೆಳಗೆ ಬೆರಳು ತೂರಿಸಿ ಆ ಚಿಪ್ ಓದುವ ಯಂತ್ರವನ್ನು ಎಳೆದಳು. ಅದರ ತುದಿಯಲ್ಲಿ ಉರಿಯುತ್ತಿದ್ದ ಸಣ್ಣ ಹಸಿರು ದೀಪ ಆಗ ಆರಿತು. ನಾನು ಅದನ್ನು ಹುಲ್ಲಿಗೆ ಒಯ್ದೆ.

“ಒತ್ತಿ.”

ಕಾರು ಹೊರಟಿತು.

ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಅಕ್ಕ ಕಾರು ಆಫ್ ಮಾಡಿಸಿ, ಯಂತ್ರವನ್ನು ಮತ್ತೆ ಕೀ ಪಕ್ಕ ಇಟ್ಟು, ಅದರ ಗುಂಡಿಯ ಮೇಲೆ ಡಬ್ಬಿ ಕೂರಿಸಿದಳು. ಕೀ ಇಲ್ಲ. ತೆಗೆದಳು, ಹೊರಟಿತು. ಹೀಗೆ ಎಂಟು ಸಲ. ಎಂಟನೆಯ ಸಲಕ್ಕೆ ಡಾಕ್ಟರು ನಗತೊಡಗಿದ್ದರು.

“ಕಾರು ಸಣ್ಣ ದನಿಯಲ್ಲಿ ‘ಇದ್ದೀಯಾ’ ಅಂತ ಕೇಳುತ್ತೆ ಡಾಕ್ಟ್ರೇ. ಅದು ಕೇಳಿಸಿದರೆ ಕೀ ‘ಇದ್ದೀನಿ’ ಅನ್ನುತ್ತೆ. ನಿಮ್ಮ ಈ ಯಂತ್ರ ಚಿಪ್‌ನ ಮಾತಾಡಿಸೋದೂ ಹೆಚ್ಚುಕಡಿಮೆ ಅದೇ ಶ್ರುತಿಯಲ್ಲಿ. ಡಬ್ಬಿ ಬಿದ್ದು ಗುಂಡಿ ಒತ್ತಿಕೊಂಡಾಗೆಲ್ಲ ಇದು ಕೀಯ ಕಿವಿ ಹತ್ತಿರ ಕೂಗ್ತಾ ಕೂತಿರುತ್ತೆ. ಪಾಪ, ಕೀಗೆ ಕಾರಿನ ಮಾತು ಹೇಗೆ ಕೇಳಿಸಬೇಕು? ನೀವು ಚೀಲ ಕಲಕಿದಾಗ ಡಬ್ಬಿ ಸರಿದರೆ ಸ್ಟಾರ್ಟ್ ಆಗುತ್ತೆ, ಇಲ್ಲದಿದ್ರೆ ಚೀಲದ ಮೇಲಿಟ್ಟ ಕೀಗೂ ಇದರ ಕೂಗೇ ಕೇಳಿಸುತ್ತೆ.” ಸ್ವಲ್ಪ ತಡೆದು ಕೇಳಿದಳು, “ಇದು ಕೊಂಡು ಎಷ್ಟು ದಿನ ಆಯ್ತು?”

ಡಾಕ್ಟರು ಹಣೆಗೆ ಕೈ ಇಟ್ಟುಕೊಂಡರು. “ಎರಡು ತಿಂಗಳು.”

“ತಪ್ಪು ನನ್ನದೇ. ಕಾರಿಗೆ ಹೊಸದು ಏನು ಬಂತು ಅಂತ ಕೇಳಿದೆ. ನಿಮ್ಮ ಹತ್ತಿರ ಹೊಸದು ಏನು ಬಂತು ಅಂತ ಕೇಳಬೇಕಿತ್ತು.”

ಇಪ್ಪತ್ತೈದು ವರ್ಷ ಅನುಭವದ ಕೆಲಸಗಾರ್ತಿ, ನಾಲ್ಕು ಸಲ ದೊಡ್ಡವರ ಕೈಯಲ್ಲಿ ಆಗದ್ದನ್ನು ಮಾಡಿ ಮುಗಿಸಿದ ಕ್ಷಣದಲ್ಲೇ ತನ್ನ ತಪ್ಪು ಹೇಳಿಕೊಳ್ಳುತ್ತಿದ್ದಳು. ನಾನು ಹುಲ್ಲಿನತ್ತ ಹೋದೆ. ಹುಲ್ಲಿನ ಮೇಲಿದ್ದ ಬ್ಯಾಂಡೇಜ್ ಆರಿಸುವ ನೆಪದಲ್ಲಿ ಬಗ್ಗಿದೆ.

ಸರ್ವಿಸ್ ಸೆಂಟರಿನಲ್ಲಿ ಯಾಕೆ ಸಿಗಲಿಲ್ಲ ಎಂಬುದು ಮೂರನೇ ಕಡೆಯೂ ಮುಗಿಸಿ ವಾಪಸ್ ಬರುವಾಗ ನನಗೂ ಹೊಳೆಯಿತು. ಡಾಕ್ಟರು ಅಲ್ಲಿ ಕೀ ಕೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಸೆಂಟರಿನವರು ಕಾರನ್ನು ಇಟ್ಟುಕೊಂಡು, ತೊಂದರೆಯನ್ನು ಹೊರಗೆ ಕಳಿಸುತ್ತಿದ್ದರು. ಡಾಕ್ಟರು ಆ ಯಂತ್ರಕ್ಕೆ ಒಂದು ಗಟ್ಟಿ ಪೆಟ್ಟಿಗೆ ಮಾಡಿಸಿಕೊಂಡರು, ಕೀಯನ್ನು ಜೇಬಿಗೆ ಹಾಕಿಕೊಳ್ಳತೊಡಗಿದರು. ಮತ್ತೆ ಒಂದು ಸಲವೂ ಕಾರು ಕೈಕೊಡಲಿಲ್ಲ.

ಅಪ್ಪನಿಗೆ ಎಲ್ಲ ಹೇಳಿದೆ. “ಹೂಂ,” ಅಂದರು. ಆದರೆ ಸಂಜೆ ಟೀ ಅಂಗಡಿಯಲ್ಲಿ ಅವರೇ ಈ ಕಥೆ ಹೇಳುತ್ತಿದ್ದುದನ್ನು ಕಿವಿಯಾರೆ ಕೇಳಿದೆ. ಅವರ ಕಥೆಯಲ್ಲಿ ಹದಿನೈದು ಕುದುರೆಗಳಿದ್ದವು, ಸರ್ವಿಸ್ ಸೆಂಟರಿಗೆ ಡಾಕ್ಟರು ಹನ್ನೊಂದು ಸಲ ಹೋಗಿದ್ದರು, ಟೂಲ್ ಬಾಕ್ಸ್ ಹೊತ್ತ ನಾನು ಎಲ್ಲೂ ಇರಲಿಲ್ಲ.

ಹದಿನೈದು ದಿನಕ್ಕೆ ಆ ಮ್ಯಾನೇಜರು ಖುದ್ದು ಅಂಗಡಿಗೆ ಬಂದರು. ಡಾಕ್ಟರು ನಡೆದದ್ದನ್ನೆಲ್ಲ ಎರಡು ಪುಟ ಬರೆದು ಅವರಿಗೆ ಕೊಟ್ಟಿದ್ದರಂತೆ. ಒಳ್ಳೆಯ ಮನುಷ್ಯ, ಬಂದವರೇ, “ನಮ್ಮಿಂದ ತಪ್ಪಾಯ್ತು, ನಮ್ಮ ಹುಡುಗರಿಗೆ ನೀವು ಒಂದು ದಿನ ಬಂದು ಹೇಳಿಕೊಡಬೇಕು,” ಅಂದರು. ಅಕ್ಕ ಬರುತ್ತೇನೆ ಅಂದಳು. ಒಂದು ಷರತ್ತು ಹಾಕಿದಳು: ಇನ್ನು ಮೇಲೆ ಕಾರು ಬಿಟ್ಟು ಹೋಗುವವರನ್ನು ಹತ್ತು ನಿಮಿಷವಾದರೂ ಕೂರಿಸಿಕೊಂಡು ಅವರ ಮಾತು ಕೇಳಬೇಕು.

ಆ ದಿನ ನಾನೂ ಹೋಗಿದ್ದೆ. ಬೆಳ್ಳಗಿನ ದೊಡ್ಡ ಕೋಣೆ, ಸಾಲಾಗಿ ಕುರ್ಚಿ, ಸಮವಸ್ತ್ರ ತೊಟ್ಟ ಹದಿನಾಲ್ಕು ಮಂದಿ ಮೆಕ್ಯಾನಿಕ್‌ಗಳು. ಅಕ್ಕ ಬೋರ್ಡಿನ ಮುಂದೆ, ದಿನಾ ಉಡುವ ಬಟ್ಟೆಯಲ್ಲೇ, ಎಡಗೈಯಲ್ಲಿ ಡಾಕ್ಟರ ಕಾರಿನದೇ ಹಳೆಯ ಕೀ ಹಿಡಿದು ನಿಂತಿದ್ದಳು. ದನಿ ಏರಿಸದೆ, ಗ್ರಂಥಾಲಯದಲ್ಲಿ ಮಾತಾಡಿದಂತೆ ಮಾತಾಡಿದಳು. ಒಬ್ಬರೂ ಮಿಸುಕಲಿಲ್ಲ.

ಮೊದಲ ಸಾಲಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಅಪ್ಪ ಕೂತಿದ್ದರು. ಮುಕ್ಕಾಲು ಗಂಟೆಯಾದ ಮೇಲೆ ಕೈ ಎತ್ತಿದರು.

“ಮೇಡಂ, ಒಂದು ಸಂಶಯ.”

ಅಕ್ಕ ಬೋರ್ಡಿನಿಂದ ಅವರ ಕಡೆ ತಿರುಗಿದಳು. “ಕೇಳಿ,” ಅಂದಳು.

“ಕೀಯೊಳಗಿನ ಬ್ಯಾಟರಿ ಪೂರ್ತಿ ಸತ್ತುಹೋದರೆ ಏನು ಮಾಡೋದು?”

ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ, ಬ್ಯಾಟರಿ ಇಲ್ಲದೆಯೂ ಕಾರು ಅದನ್ನು ಗುರುತಿಸುವ ಬಗೆಯನ್ನು ಅವಳು ಚಿತ್ರ ಬರೆದು ವಿವರಿಸಿದಳು. ಎಲ್ಲ ಕಾರಿನಲ್ಲೂ ಆ ಜಾಗ ಒಂದೇ ಅಲ್ಲ, ಕಾರಿನ ಜೊತೆ ಬಂದ ಪುಸ್ತಕ ನೋಡಿಕೊಳ್ಳಿ ಎಂದೂ ಸೇರಿಸಿದಳು. ಅಪ್ಪ ಪೂರ್ತಿ ಕೇಳಿ ತಲೆಯಾಡಿಸಿದರು. ಪಕ್ಕದ ಮೆಕ್ಯಾನಿಕ್ ಸುಮ್ಮನೆ ಕೂತಿದ್ದುದು ಅವರ ಕಣ್ಣಿಗೆ ಬಿತ್ತು.

“ಏನಯ್ಯಾ, ನೋಡ್ತಾ ಕೂತಿದ್ದೀಯಲ್ಲ,” ಅಂದರು, ಅವನ ಮೊಣಕೈ ತಟ್ಟಿ. “ಬರ್ಕೋ.”