ಮುಂದಕ್ಕೆ ಹಾಕಿದ ಎರಡು ಟೈರು

ಟೈರು ಅಂಗಡಿಯಲ್ಲಿ ಎಲ್ಲರೂ ಅವನನ್ನು ಹೆಬ್ಬೆಟ್ಟು ಎಂದೇ ಕರೆಯುವುದು. ಓದುಬರಹ ಬಾರದವನೆಂದಲ್ಲ, ಬ್ಯಾಂಕಿನಲ್ಲಿ ಅಂದವಾಗಿ ಸಹಿ ಹಾಕುತ್ತಾನೆ. ಆದರೆ ಯಾವ ಕಾರು ಬಂದು ನಿಂತರೂ ಮೊದಲು ಕುಕ್ಕರುಗಾಲಿನಲ್ಲಿ ಕುಳಿತು, ಟೈರಿನ ಗೀರುಗಳೊಳಗೆ ಹೆಬ್ಬೆರಳಿನ ಉಗುರು ಇಳಿಸಿ, ಎಷ್ಟು ಸವೆದಿದೆ ಎಂದು ಹೇಳಿಬಿಡುತ್ತಾನೆ. ಅಳತೆಗಡ್ಡಿ ಆಮೇಲೆ ಹೇಳುವುದೂ ಅದನ್ನೇ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.

ನಾಲ್ಕರ ಬದಲು ಎರಡೇ ಹೊಸ ಟೈರು ಕೊಳ್ಳುವವರಿಗೆ ಅವನು ಮಾಡುವ ಪಾಠ ಒಂದೇ: ಹೊಸದು ಹಿಂದಕ್ಕೆ. "ಎಳೆಯೋದು ಮುಂದಿನ ಚಕ್ರ ಕಣಪ್ಪ, ಹೊಸದು ಅಲ್ಲಿರ್ಲಿ" ಎಂದು ಗಿರಾಕಿಗಳು ವಾದ ಹೂಡುತ್ತಾರೆ. ಅವನು ಬಿಡುವುದಿಲ್ಲ. ರಸ್ತೆಯಲ್ಲಿ ನಿಂತ ನೀರನ್ನು ಸವೆದ ಟೈರು ಬದಿಗೆ ದೂಡಲಾರದು, ಅದರ ಮೇಲೇ ತೇಲುತ್ತದೆ. ಮುಂದಿನದು ತೇಲಿದರೆ ಸ್ಟಿಯರಿಂಗ್ ಹಗುರಾಗಿ ಕೈಗೆ ಸುದ್ದಿ ಮುಟ್ಟುತ್ತದೆ, ವೇಗ ಇಳಿಸಬಹುದು. ಹಿಂದಿನದು ತೇಲಿದರೆ ಸುದ್ದಿಯಿಲ್ಲದೆ ಕಾರಿನ ಬಾಲ ಹೊರಳುತ್ತದೆ. "ಮುಂದೆ ಜಾರಿದ್ರೆ ನೀವು ಕಾರು ಓಡಿಸ್ತಿರ್ತೀರಿ. ಹಿಂದೆ ಜಾರಿದ್ರೆ ಕಾರೇ ನಿಮ್ಮನ್ನ ಓಡಿಸುತ್ತೆ" ಎನ್ನುತ್ತಾನೆ.

ಒಬ್ಬರಿಗೆ ಮಾತ್ರ ಅವನು ಈ ಪಾಠವನ್ನು ಪೂರ್ತಿ ಹೇಳಲಿಲ್ಲ. ಅವರು ಅವನ ಅಕ್ಕನ ಗಂಡ, ಗ್ರಂಥಾಲಯದಲ್ಲಿ ಗುಮಾಸ್ತರು. ಊಟದ ಹೊತ್ತಿಗೆ ಕಾರು ತಂದಿದ್ದರು.

"ಎರಡೂ ಮುಂದಕ್ಕೆ ಹಾಕಯ್ಯ."

"ಹಿಂದಕ್ಕೆ ಹಾಕಿದ್ರೆ ಒಳ್ಳೇದು, ಭಾವ."

"ನಿಮ್ಮಕ್ಕ ಕೂರೋದು ಮುಂದೆ. ಹೊಸದು ಹಿಂದಕ್ಕೆ ಹಾಕಿಸಿದ್ರೆ ಅದಕ್ಕೂ ನಾನೇ ಬೈಸ್ಕೋಬೇಕು."

ಅವನು ನಕ್ಕುಬಿಟ್ಟ. ಭಾವನ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ. ಮೇಲಾಗಿ ಡಬ್ಬಿಯಲ್ಲಿ ಊಟ ಆರುತ್ತಿತ್ತು. ಅಭ್ಯಾಸಬಲದಿಂದ ಹಿಂದಿನ ಟೈರಿಗೆ ಉಗುರು ಇಳಿಸಿದ. ಉಗುರಿನ ಬಿಳಿ ಅಂಚೂ ಪೂರ್ತಿ ಮುಳುಗಲಿಲ್ಲ. ಎದ್ದು ಕೈ ಒರೆಸಿಕೊಂಡು ಹೊಸವೆರಡನ್ನೂ ಮುಂದಕ್ಕೆ ಹಾಕಿದ.

ಹನ್ನೊಂದನೆಯ ದಿನ ಮಳೆ ಬಂತು. ಸೇತುವೆ ಇಳಿಯುವ ತಿರುವಿನಲ್ಲಿ ಕಾರು ಬುಗುರಿಯಂತೆ ಸುತ್ತಿ ತಡೆಗೋಡೆಗೆ ಬಡಿಯಿತು. ಭಾವನ ಮೈ ಮೇಲೆ ಗೀರೂ ಬೀಳಲಿಲ್ಲ. ಅಕ್ಕನ ಬಲಗೈ ಮಣಿಕಟ್ಟು ಮುರಿಯಿತು. ಅಕ್ಕ ಹೊಲಿಗೆಯವಳು.

"ನಲವತ್ತರ ಸ್ಪೀಡಲ್ಲಿದ್ದೆ" ಎಂದು ಭಾವ ಆಸ್ಪತ್ರೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಯಾರೂ ನಂಬಲಿಲ್ಲ.

"ನಲವತ್ತರಲ್ಲಿ ಹೋಗೋ ಕಾರು ಹಿಂದುಮುಂದಾಗುತ್ತಾ? ನನ್ನ ಕೈ ತಿಂದ್ರಲ್ಲ!" ಎಂದಳು ಅಕ್ಕ. ಪಕ್ಕದಲ್ಲೇ ನಿಂತಿದ್ದ ತಮ್ಮ ಕಿಟಕಿಯ ಕಡೆ ನೋಡಿದ.

ರಿಪೇರಿಯಾಗಿ ಬಂದ ಕಾರು ಮನೆಯಂಗಳದಲ್ಲೇ ನಿಂತಿತು. ಭಾವ ಬಸ್ಸು ಹಿಡಿದರು. ಬೆಳಿಗ್ಗೆ ಅಡುಗೆ ಮಾಡಿ, ಹೆಂಡತಿಯ ತಲೆ ಬಾಚಿ ಕೆಲಸಕ್ಕೆ ಹೊರಡುತ್ತಿದ್ದರು. ಆರನೆಯ ವಾರ ದಾರಿಯಲ್ಲಿ ಸಿಕ್ಕಾಗ ಅವರಾಗಿಯೇ ಅಂದರು, "ಜೋರಾಗೇ ಹೋಗಿದ್ದೆನೇನೋ ಕಣಯ್ಯ. ಈಗ ನನಗೂ ಸರಿಯಾಗಿ ನೆನಪಾಗ್ತಿಲ್ಲ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ. ಭಾನುವಾರ ಅಕ್ಕನ ಮನೆಗೆ ಹೋದ. ಅಕ್ಕ ಎಡಗೈಯಲ್ಲಿ ಹಳೆಯ ಹೊಲಿಗೆ ಬಿಚ್ಚುತ್ತಿದ್ದಳು.

"ಅಕ್ಕ, ಭಾವ ಜೋರಾಗಿ ಹೋಗಿರ್ಲಿಲ್ಲ."

"ನೀನೇನು ಡಿಕ್ಕಿಯಲ್ಲಿ ಕೂತಿದ್ಯಾ?"

ಅವನು ನಿಂತುಕೊಂಡೇ ಹೇಳಿದ: ಹಿಂದಿನ ಟೈರು, ಉಗುರಿನ ಅಂಚು, ಆರುತ್ತಿದ್ದ ಊಟ. ಅಕ್ಕನ ಕತ್ತರಿ ನಿಂತಿತು.

"ಗೊತ್ತಿದ್ದೂ ಹಾಕಿದ್ಯಾ?"

"ಗೊತ್ತಿದ್ದೂ ಹಾಕ್ದೆ."

"ಊರಿಗೆಲ್ಲ ಬುದ್ಧಿ ಹೇಳೋ ಬಾಯಿ, ಮನೆಯವರ ಮುಂದೆ ಹೊಲ್ಕೊಂಡಿತ್ತಾ?"

"ಭಾವನ ಹತ್ರ ಹೇಗೆ ವಾದ ಮಾಡೋದು ಅಂತ..."

"ಅದು ಅವತ್ತು. ಆರು ವಾರ ಯಾಕೆ ಸುಮ್ನಿದ್ದೆ?"

ಅಡುಗೆಮನೆಯ ಬಾಗಿಲಲ್ಲಿ ಭಾವ ಒದ್ದೆ ತಟ್ಟೆ ಹಿಡಿದು ನಿಂತಿದ್ದರು.

"ಹಾಗಾದ್ರೆ... ನಲವತ್ತೇ?"

"ನಲವತ್ತೇ ಇರುತ್ತೆ, ಭಾವ. ಅಷ್ಟು ಸಾಕಿತ್ತು."

ಭಾವ ತಟ್ಟೆಯನ್ನು ಇನ್ನೊಮ್ಮೆ ಒರೆಸಿದರು. "ಮುಂದಕ್ಕೆ ಹಾಕು ಅಂದಿದ್ದು ನಾನೇ ಅಲ್ವಾ..."

"ನೀವು ಸುಮ್ನಿರಿ, ಅವನ ತಪ್ಪನ್ನ ಹೊರೋಕೆ ಹೋಗ್ಬೇಡಿ. ನಾನು ನಿಮ್ಮ ತಲೆ ಮೇಲೆ ಹೊರಿಸಿರೋದೇ ಸಾಕಷ್ಟಿದೆ," ಎಂದಳು ಅಕ್ಕ. ಎದ್ದು ಡ್ರಾಯರಿನಿಂದ ಕಾರಿನ ಕೀ ತೆಗೆದು ತಮ್ಮನ ಕೈಗಿಟ್ಟಳು. "ಸರಿ ಮಾಡ್ಕೊಂಡು ಬಾ. ಮುಂದಿನ ಮಳೆಗೆ ಇವರು ಓಡಿಸ್ತಾರೆ, ನನ್ನ ಜಾಗದಲ್ಲಿ ನೀನು ಕೂರ್ತೀಯ. ಅದೇ ತಿರುವು."

ಅವನು ಅಂಗಳಕ್ಕಿಳಿದು ಹಿಂದಿನ ಚಕ್ರದ ಬಳಿ ಕುಳಿತ. ಭಾವ ತಟ್ಟೆ ಹಿಡಿದುಕೊಂಡೇ ಹಿಂದೆ ಬಂದಿದ್ದರು.

"ಎಷ್ಟಿದೆ?"

ಅವನು ಉಗುರು ಇಳಿಸಿ, ಬೆರಳನ್ನು ಭಾವನ ಕಡೆ ಹಿಡಿದ.

"ಇಷ್ಟೇ, ಭಾವ. ಅವತ್ತೂ ಇಷ್ಟೇ ಇತ್ತು."