ಮುಂಡಾಜೆಯಿಂದ ಕರೆತಂದ ದುಭಾಷಿ

ಸ್ನೇಹಿತರೇ, ಮರಾಠಿಯಿಂದ ನೇರ ಸಂಸ್ಕೃತಕ್ಕೆ ಮಾತು ದಾಟಿಸುವವರು ಬೇಕೆಂದು ಒಂದು ವಾರ ನಿಮ್ಮೆಲ್ಲರ ತಲೆ ತಿಂದೆನಲ್ಲ, ಕೊನೆಗೂ ಸಿಕ್ಕಿದರು. ಮುಂಡಾಜೆಯ ನಿವೃತ್ತ ಸಂಸ್ಕೃತ ಮಾಸ್ಟ್ರು. ಮನೆಮಾತು ಚಿತ್ಪಾವನಿ, ಮರಾಠಿಗೆ ಹತ್ತಿರದ್ದು. ಇವತ್ತು ಬೆಳಿಗ್ಗೆ ಅವರನ್ನು ಕಾರಿನಲ್ಲಿ ಮೂಡುಬಿದಿರೆಯ ಕಲಾಗೋಷ್ಠಿಗೆ ಕರೆದೊಯ್ದೆ. ಅಲ್ಲಿ ಎಲ್ಲವೂ ಸಂಸ್ಕೃತದಲ್ಲೇ ನಡೆಯಬೇಕೆಂದು ಸಂಘಟಕರ ಹಟ.

ಅತಿಥಿಯಾಗಿ ಬಂದಿದ್ದವರು ಕೊಲ್ಹಾಪುರದ ಹಿರಿಯ ಚಿತ್ರಕಲಾವಿದೆ. ಗೋಡೆಯ ಮೇಲಿನ ತಮ್ಮ ಚಿತ್ರ ತೋರಿಸಿ, "ಇದೇ ಕೊನೆಯದು, ಈಗ ಕೈ ನಡುಗುತ್ತದೆ, ಕುಂಚ ನಿಲ್ಲುವುದಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ಮಾಸ್ಟ್ರು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಅದಷ್ಟನ್ನೂ ಉದ್ದದ ಒಂದೇ ಸಮಾಸದಲ್ಲಿ ಕಟ್ಟಿ ಹೇಳಿದರು. ಸಭೆ ತಲೆದೂಗಿತು. "ಸಾಧು, ಸಾಧು" ಎಂದು ಮೆಚ್ಚಿತು. ಮುಂದಿನ ಸಾಲಿನ ವಿದ್ವಾಂಸರೊಬ್ಬರು ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು.

ವೇದಿಕೆ ಇಳಿದು ಬಂದ ಆಕೆ ನನ್ನನ್ನು ಹಿಂದಿಯಲ್ಲಿ ವಿಚಾರಿಸಿದರು, "ಅವರೆಲ್ಲ ಏನೆಂದರು?"

"ನಿಮ್ಮ ಮಾತು ಕೇಳಿ ತುಂಬಾ ದುಃಖವಾಯಿತಂತೆ" ಎಂದೆ. ಆಕೆ ಕೈಮುಗಿದರು. ಮುಗಿದ ಕೈಗಳೂ ನಡುಗುತ್ತಿದ್ದವು.

ವಾಪಸು ಬರುವಾಗ ಬೆಳ್ತಂಗಡಿ ದಾಟಿದ ಮೇಲೆ ಮಾಸ್ಟ್ರು ಕೇಳಿದರು, "ಕೈ ನಡುಗ್ತದೆ ಅಂತ ಹೇಳಿದ್ರೆ ಸಾಕಿತ್ತು. ಅಷ್ಟು ಚಂದ ಮಾಡ್ಲಿಕ್ಕೆ ನಂಗೆ ಯಾರು ಹೇಳಿದ್ದು ಮಾರಾಯ?"

"ನಿಮ್ಮದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಮಾಸ್ಟ್ರೇ" ಎಂದೆ.

ಅದು ನಿಜ. ಇವತ್ತು ತಪ್ಪು ಅನುವಾದ ಮಾಡಿದವ ನಾನೊಬ್ಬನೇ. ಕೈಮುಗಿಸಿಕೊಂಡವನೂ ನಾನೊಬ್ಬನೇ.